ಆರು ಚುಕ್ಕಿಯ ಕನ್ನಡ

ಪಾಠದ ಅವಧಿ ಮುಗಿಯಲು ಇನ್ನೈದು ನಿಮಿಷವಿದೆ ಎಂಬುದನ್ನು ನನ್ನ ತರಗತಿಯಲ್ಲಿ ನನಗಿಂತ ಮೊದಲು ತಿಳಿಯುತ್ತಿದ್ದವನು ಮೂರನೆಯ ಬೆಂಚಿನ ಒಬ್ಬ ಹುಡುಗ. ‘ಟಿಕ್’ ಎಂದು ಸಣ್ಣದೊಂದು ಸದ್ದಾಗುತ್ತಿತ್ತು. ಅವನು ತನ್ನ ಕೈಗಡಿಯಾರದ ಗಾಜಿನ ಮುಚ್ಚಳವನ್ನು ತೆರೆದು, ಮುಳ್ಳುಗಳ ಮೇಲೆ ಬೆರಳಾಡಿಸಿ, ಮತ್ತೆ ‘ಟಿಕ್’ ಎಂದು ಮುಚ್ಚುತ್ತಿದ್ದ. ಅದು ಎಚ್ಚೆಮ್ಟಿ ಬ್ರೈಲ್ ಗಡಿಯಾರ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಕೊಟ್ಟದ್ದಂತೆ. ದಿನಾ ಕೀಲಿ ಕೊಡಬೇಕು. ಅಂಕಿಗಳ ಜಾಗದಲ್ಲಿ ಉಬ್ಬು ಚುಕ್ಕಿಗಳು.

ನಮ್ಮ ಬೆಂಗಳೂರಿನ ಉತ್ತರ ಭಾಗದವರಿಗೆ ಎಚ್ಚೆಮ್ಟಿ ಎಂದರೆ ಬರಿಯ ಕಾರ್ಖಾನೆಯಲ್ಲ. ಅರ್ಧ ಊರಿನ ಅನ್ನ. 1953ರಲ್ಲಿ ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳಿಗೆಂದು ಆರಂಭವಾದ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಗಡಿಯಾರಕ್ಕೆ ಕೈಹಾಕಿತು. ಯಶವಂತಪುರ, ಮತ್ತಿಕೆರೆ, ಯಲಹಂಕಗಳ ಎಷ್ಟೋ ಮದುವೆಗಳಲ್ಲಿ ಮದುಮಗನ ಕೈಗೆ ಮಾವನ ಮನೆಯವರು ಕಟ್ಟಿದ್ದು ಅದನ್ನೇ. 2016ರಲ್ಲಿ ಸರಕಾರ ಆ ಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅದೇ ಕಂಪನಿ ಕಣ್ಣಿಲ್ಲದವರಿಗೂ ಒಂದು ಗಡಿಯಾರ ಮಾಡಿತ್ತೆಂಬುದು ನನಗೆ ಆ ಹುಡುಗನ ಮಣಿಕಟ್ಟನ್ನು ನೋಡುವವರೆಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಯಲಹಂಕದ ಕಡೆ ಕನ್ನಡ ಪಾಠ ಹೇಳುತ್ತಿರುವ ನನಗೆ, ಕನ್ನಡಕ್ಕೆ ಇನ್ನೊಂದು ಲಿಪಿ ಇದೆಯೆಂಬುದೂ ಹೆಸರಿಗಷ್ಟೇ ಗೊತ್ತಿತ್ತು ಎಂದು ಒಪ್ಪಿಕೊಳ್ಳದೆ ಮುಂದುವರಿದರೆ ಆತ್ಮವಂಚನೆಯಾದೀತು.

ಕತೆ ಶುರುವಾದದ್ದು ನನ್ನದೇ ಒಂದು ತಪ್ಪಿನಿಂದ. ವರ್ಷದ ಮೊದಲ ತಿಂಗಳಲ್ಲಿ, ಹಳಗನ್ನಡ ವ್ಯಾಕರಣದ ಮೇಲೆ ನಾನು ಹಿಂದೆಂದೋ ಬೆರಳಚ್ಚು ಮಾಡಿಟ್ಟಿದ್ದ ನಲವತ್ತು ಪುಟಗಳ ಟಿಪ್ಪಣಿಯನ್ನು ಅವನಿಗೆ ಕೊಟ್ಟೆ. ಕಂಪ್ಯೂಟರು ಓದಿ ಹೇಳುತ್ತದಂತಲ್ಲ, ಇನ್ನೇನು ತೊಂದರೆ ಎಂದು ನನ್ನ ಎಣಿಕೆ. ಮಾರನೆಯ ದಿನ ಬಂದು, “ಸಾರ್, ನಿಮ್ಮ ನೋಟ್ಸು ಕೇಳ್ತೀರಾ?” ಎಂದ. ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದ. ಯಂತ್ರದ ದನಿ ಗಂಭೀರವಾಗಿ ಹೇಳತೊಡಗಿತು: “ಪಿ, ಎ, ಪೌಂಡ್, ಎ, ಎಸ್, ಕ್ಯೂ, ಎ...” ನಾನು ದಂಗಾದೆ. “ಏನಪ್ಪಾ ಇದು?” ಎಂದರೆ, “‘ಕನ್ನಡ’ ಅನ್ನೋ ಪದ ಸಾರ್. ನಲವತ್ತು ಪುಟಾನೂ ಹೀಗೇ ಇದೆ” ಎಂದ. ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಇದೇಕೆ ಹೀಗಾಯಿತು ಎಂದು ತಿಳಿಯಲು ಹೊರಟವನು ಬಹಳ ಹಿಂದಕ್ಕೆ ಹೋಗಬೇಕಾಯಿತು. ಪ್ಯಾರಿಸ್ ಬಳಿಯ ಕೂಪ್ರೇ ಎಂಬ ಹಳ್ಳಿಯ, ಕುದುರೆಯ ಜೀನು ಹೊಲಿಯುವವನ ಅಂಗಡಿಯವರೆಗೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು. ಮೂರನೆಯ ವರ್ಷದಲ್ಲಿ ಅಪ್ಪನ ಅಂಗಡಿಯಲ್ಲಿ ಆಡುತ್ತಿದ್ದಾಗ ಚರ್ಮ ಚುಚ್ಚುವ ಉಳಿ ಕಣ್ಣಿಗೆ ತಾಗಿ, ನಂಜೇರಿ, ಎರಡು ಕಣ್ಣೂ ಹೋದವು. ಪ್ಯಾರಿಸಿನಲ್ಲಿ ವಾಲೆಂಟಿನ್ ಅಯ್ಯೂವಿ ಎಂಬ ಉದಾರಿ ತೆರೆದಿದ್ದ ಅಂಧರ ಶಾಲೆಗೆ ಹುಡುಗನನ್ನು ಸೇರಿಸಿದರು. ಅಲ್ಲಿ ಪುಸ್ತಕಗಳಿದ್ದವು, ಆದರೆ ಅವು ಕಣ್ಣುಳ್ಳವರ ಅಕ್ಷರವನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿದಂಥವು. ಒಂದೊಂದು ಅಕ್ಷರದ ಸುತ್ತ ಬೆರಳು ಪ್ರದಕ್ಷಿಣೆ ಹಾಕಿ ಬರಬೇಕು. ಓದುವುದು ಕಷ್ಟ, ಬರೆಯುವುದಂತೂ ಆಗದ ಮಾತು. ಆ ವೇಳೆಗೆ ಶಾರ್ಲ್ ಬಾರ್ಬಿಯೇ ಎಂಬಾತ ಹನ್ನೆರಡು ಚುಕ್ಕಿಗಳ ಒಂದು ಬರೆಹವನ್ನು ತಂದು ಶಾಲೆಗೆ ತೋರಿಸಿದ. ಹುಡುಗರಿಗೆ ಚುಕ್ಕಿ ಹಿಡಿಸಿತು, ಹನ್ನೆರಡು ಹಿಡಿಸಲಿಲ್ಲ. ಒಂದು ಬೆರಳ ತುದಿಗೆ ಅದು ಒಮ್ಮೆಗೆ ಒದಗುವುದಿಲ್ಲ. ಹದಿನೈದು ವರ್ಷದ ಲೂಯಿ 1824ರ ಹೊತ್ತಿಗೆ ಅದನ್ನು ಆರಕ್ಕೆ ಇಳಿಸಿದ. ಎಡಕ್ಕೆ ಮೂರು, ಬಲಕ್ಕೆ ಮೂರು. ಉಬ್ಬಿದ್ದರೆ ಒಂದು, ಉಬ್ಬದಿದ್ದರೆ ಇನ್ನೊಂದು. ಲೆಕ್ಕ ಹಾಕಿ ನೋಡಿ, ಅರುವತ್ತಮೂರು ಗುರುತು ಸಿಕ್ಕುತ್ತವೆ. 1829ರಲ್ಲಿ ಇದು ಪುಸ್ತಕವಾಗಿ ಬಂತು. ಆದರೂ ಫ್ರಾನ್ಸು ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಕಣ್ಣುಳ್ಳ ಉಪಾಧ್ಯಾಯರಿಗೆ ತಾವು ಓದಲಾರದ ಲಿಪಿಯೊಂದನ್ನು ಮಕ್ಕಳು ಓದುವುದು ಸರಿಬರಲಿಲ್ಲವೆಂದು ಕಾಣುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ನಮ್ಮ ದೇಶದಲ್ಲಿ ಕಣ್ಣಿಲ್ಲದವರಿಗೆ ವಿದ್ಯೆ ಇರಲಿಲ್ಲವೆಂದು ಯಾರೂ ಹೇಳಲಾರರು. ಕಿವಿಯಿಂದ ಕಿವಿಗೆ ಹರಿಯುವ ವಿದ್ಯೆಗೆ ಕಣ್ಣಿನ ಹಂಗಿಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು (1892-1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010), ಇಬ್ಬರಿಗೂ ದೃಷ್ಟಿಯಿರಲಿಲ್ಲ; ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತು ಬದುಕು ಕಟ್ಟಿಕೊಂಡ ಅಂಧ ಮಕ್ಕಳ ಸಂಖ್ಯೆ ಚಿಕ್ಕದಲ್ಲ. ಆದರೆ ಹಾಡಿಗೆ ಸಾಲುವ ಕಿವಿ ಗದ್ಯಕ್ಕೆ, ಗಣಿತಕ್ಕೆ, ಕಾನೂನಿಗೆ ಸಾಲದು. ಅದಕ್ಕೆ ಪುಟ ಬೇಕು. ಹಿಂದಕ್ಕೆ ತಿರುಗಿಸಿ ನೋಡಲು ಬರುವ ಪುಟ.

1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಕ್ರೈಸ್ತ ಸೇವಕಿ ನಮ್ಮ ದೇಶದ ಮೊದಲ ಅಂಧರ ಶಾಲೆಯನ್ನು ತೆರೆದರು. 1901ರಲ್ಲಿ ನಮ್ಮ ಮೈಸೂರಿನಲ್ಲೇ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯನ್ನು ಆರಂಭಿಸಿದರು. ಹೀಗೆ ಒಂದೊಂದು ಊರಿನಲ್ಲಿ ಒಬ್ಬೊಬ್ಬ ಶ್ರದ್ಧಾವಂತರು ಹುಟ್ಟಿಕೊಂಡರು. ಅವರಲ್ಲಿ ಹಲವರು ತಮ್ಮ ಭಾಷೆಗೆ ತಾವೇ ಒಂದು ಬ್ರೈಲನ್ನೂ ಹೊಂದಿಸಿಕೊಂಡರು. ಬಂಗಾಳದಲ್ಲಿ ಲಾಲ್‌ಬಿಹಾರಿ ಶಾ ಅವರದೊಂದು, ಗುಜರಾತಿನ ಕಡೆ ನೀಲಕಂಠರಾಯರದೊಂದು, ನೋಲ್ಸ್ ಮತ್ತು ಗಾರ್ಥ್‌ವೇಟರ ಓರಿಯಂಟಲ್ ಬ್ರೈಲ್ ಇನ್ನೊಂದು, ಮೈಸೂರಿನ ಹೆಸರು ಹೊತ್ತ ಕನ್ನಡದ್ದೊಂದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಹನ್ನೊಂದು ಬ್ರೈಲುಗಳಿದ್ದವು. ಅಂಧರ ಪುಸ್ತಕಗಳೇ ಬೆರಳೆಣಿಕೆಯಷ್ಟು. ಅವನ್ನೂ ಒಂದು ಶಾಲೆಯವರು ಅಚ್ಚುಮಾಡಿದರೆ ಇನ್ನೊಂದು ಶಾಲೆಯವರು ಓದಲಾರರು.

ಜಗಳಕ್ಕೆ ಮೂಲವಾದದ್ದು ಒಂದು ನಿಜವಾದ ಪ್ರಶ್ನೆ. ನಮ್ಮಂಥ ಭಾಷೆಯ ಮೇಷ್ಟ್ರುಗಳಿಗೆ ಅದು ರುಚಿಸುವ ಪ್ರಶ್ನೆಯೂ ಹೌದು. ಚುಕ್ಕಿಗಳನ್ನು ನಮ್ಮ ವರ್ಣಮಾಲೆಯ ಕ್ರಮದಲ್ಲಿ ಹೊಸದಾಗಿ ಹಂಚಬೇಕೇ? ಇಲ್ಲ, ಬ್ರೈಲ್ ಇಟ್ಟ ಧ್ವನಿಗಳನ್ನೇ ಉಳಿಸಿಕೊಂಡು ನಮ್ಮ ಹೆಚ್ಚಿನ ಅಕ್ಷರಗಳಿಗೆ ಮಾತ್ರ ಉಳಿದ ಗುರುತು ಕೊಡಬೇಕೇ? ಮೊದಲನೆಯದು ತರ್ಕಶುದ್ಧ. ಜಪಾನಿನ ಇಶಿಕಾವ ಕುರಾಜಿ 1890ರಲ್ಲಿ ತಮ್ಮ ಭಾಷೆಗೆ ಹೊಂದುವಂತೆ ಎಲ್ಲವನ್ನೂ ಹೊಸದಾಗಿ ಹಂಚಿದರು. ಅದು ಇಂದಿಗೂ ಸೊಗಸಾಗಿ ನಡೆದಿದೆ. ಎರಡನೆಯದು ವ್ಯವಹಾರಕ್ಕೆ ಅನುಕೂಲ: ಒಂದು ಭಾಷೆ ಕಲಿತ ಬೆರಳು ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತದೆ. 1940ರ ದಶಕದಲ್ಲಿ ಸರಕಾರದ ಸಮಿತಿಯೊಂದು ಏಕರೂಪ ಬ್ರೈಲನ್ನು ಸಿದ್ಧಪಡಿಸಿತು. ಅದರ ವಿರುದ್ಧ ದನಿಯೆತ್ತಿದವರಲ್ಲಿ ಮುಖ್ಯರು ಲಾಲ್ ಅಡ್ವಾಣಿ. ಸಿಂಧದಿಂದ ಬಂದವರು, ತಾವೇ ಅಂಧರು, 1947ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವನ್ನು ಸೇರಿದವರು. ಓದಬೇಕಾದವರನ್ನು ಸರಿಯಾಗಿ ಕೇಳದೆ ಲಿಪಿ ಮಾಡಿದ್ದೀರಿ ಎಂಬುದು ಆಕ್ಷೇಪದ ತಿರುಳು. ಪ್ಯಾರಿಸಿನ ಉಪಾಧ್ಯಾಯರ ನೆನಪು ಓದುಗರಿಗೆ ಬಂದಿರಬೇಕು.

1949ರಲ್ಲಿ ಭಾರತ ಸರಕಾರ ಈ ತೊಡಕನ್ನು ಯುನೆಸ್ಕೋದ ಮುಂದಿಟ್ಟಿತು. ಯುನೆಸ್ಕೋದವರು ಕೆಲಸವನ್ನು ಒಪ್ಪಿಸಿದ್ದು ಸರ್ ಕ್ಲೂತ ಮೆಕೆಂಜಿ ಎಂಬ ನ್ಯೂಜಿಲೆಂಡಿನವರಿಗೆ. 1915ರ ಆಗಸ್ಟಿನಲ್ಲಿ ಗ್ಯಾಲಿಪೊಲಿಯ ಯುದ್ಧದಲ್ಲಿ ಕಣ್ಣು ಕಳೆದುಕೊಂಡಾತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆಹರಾಡೂನಿನಲ್ಲಿ, ಯುದ್ಧದಲ್ಲಿ ಅಂಧರಾದ ಭಾರತೀಯ ಸಿಪಾಯಿಗಳ ನಿಲಯವನ್ನು ನಡೆಸಿದ್ದಾತ. 1950ರಲ್ಲಿ ಪ್ಯಾರಿಸಿನಲ್ಲೂ 1951ರ ಫೆಬ್ರವರಿಯಲ್ಲಿ ಬೈರೂತಿನಲ್ಲೂ ಸಭೆ ಸೇರಿತು. ಸಾಧ್ಯವಾದಷ್ಟೂ ಬ್ರೈಲನ ಮೂಲ ಧ್ವನಿಗಳನ್ನು ಉಳಿಸಿಕೊಳ್ಳುವುದು, ಬಲದಿಂದ ಎಡಕ್ಕೆ ಬರೆಯುವ ಅರಬ್ಬಿಯನ್ನು ಕೂಡ ಬ್ರೈಲಿನಲ್ಲಿ ಎಡದಿಂದ ಬಲಕ್ಕೆ ಓದುವುದು ಎಂದು ಒಪ್ಪಿಗೆಯಾಯಿತು. ಅದೇ ವರ್ಷ ಭಾರತೀ ಬ್ರೈಲ್ ಸಿದ್ಧವಾಯಿತು. ಅದನ್ನು ಅಚ್ಚು ಹಾಕಲು ಡೆಹರಾಡೂನಿನಲ್ಲಿ ಕೇಂದ್ರ ಮುದ್ರಣಾಲಯವೂ ಬಂತು. ಕರ್ನಾಟಕ ಒಂದಾಗುವುದಕ್ಕೆ ಐದು ವರ್ಷ ಮೊದಲೇ, ಕಣ್ಣಿಲ್ಲದ ಕನ್ನಡಿಗರಿಗೆ ಬೀದರಿನಿಂದ ಕೊಳ್ಳೇಗಾಲದವರೆಗೆ ಒಂದೇ ಬರೆಹದ ನೆಲೆ ಸಿಕ್ಕಿತ್ತೆನ್ನಬೇಕು. ಇದನ್ನು ನಾವು ಯಾವ ಏಕೀಕರಣದ ಚರಿತ್ರೆಯಲ್ಲೂ ಬರೆದಿಲ್ಲ.

ಈ ಲಿಪಿಯನ್ನು ಆ ಹುಡುಗ ನನಗೆ ಎರಡು ಶನಿವಾರ ಕೂರಿಸಿಕೊಂಡು ಕಲಿಸಿದ. ಬೆರಳಿಗೆ ನನಗೆ ಇನ್ನೂ ಬಂದಿಲ್ಲ. ಕಣ್ಣಿನಿಂದ ಓದುತ್ತೇನೆ, ಅದು ಒಂದು ಬಗೆಯ ಕಳ್ಳತನವೇ. ಆದರೆ ಅದರ ಒಳಗಟ್ಟು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಚುಕ್ಕಿಗಳಿಗೆ ಎಡಸಾಲಿನಲ್ಲಿ ಮೇಲಿನಿಂದ 1, 2, 3. ಬಲಸಾಲಿನಲ್ಲಿ 4, 5, 6 ಎಂದು ಹೆಸರು. ‘ಅ’ ಎಂದರೆ ಒಂದನೆಯ ಚುಕ್ಕಿ ಮಾತ್ರ. ‘ಕ’ ಎಂದರೆ 1 ಮತ್ತು 3. ‘ಬ’ ಎಂದರೆ 1 ಮತ್ತು 2. ‘ಕಿ’ ಬರೆಯಬೇಕಾದರೆ ‘ಕ’ ಬರೆದು ಪಕ್ಕದಲ್ಲಿ ‘ಇ’ ಬರೆದರಾಯಿತು. ಗುಡಿಸು, ಕೊಂಬು, ಏತ್ವ ಯಾವುದೂ ಇಲ್ಲ. ಒತ್ತಕ್ಷರ ಕೆಳಗಿಳಿಯುವುದಿಲ್ಲ. ಸ್ವರವನ್ನು ಕಳೆಯುವ ಗುರುತು ನಾಲ್ಕನೆಯ ಚುಕ್ಕಿ. ಅದನ್ನು ವ್ಯಂಜನದ ಮುಂಚೆಯೇ ಇಡುತ್ತಾರೆ. ‘ಕನ್ನಡ’ ಎಂಬ ಪದಕ್ಕೆ ‘ಕ’, ಆ ಗುರುತು, ‘ನ’, ಮತ್ತೆ ‘ನ’, ‘ಡ’. ಐದು ಮನೆಗಳಲ್ಲಿ ಮುಗಿಯಿತು. ‘ಸೂರ್ಯ’ನ ಅರ್ಕಾವೊತ್ತಿಗೆ ಪ್ರಾಥಮಿಕ ಶಾಲೆಯಲ್ಲಿ ನಾವೆಷ್ಟು ಏಟು ತಿಂದೆವು! ನುಡಿಯುವಾಗ ಮೊದಲು ಬರುವ ರಕಾರವನ್ನು ಬರೆಯುವಾಗ ಕೊನೆಗೆ ಹಾಕುವ ಆ ವಿಚಿತ್ರ ಬ್ರೈಲಿನಲ್ಲಿ ಇಲ್ಲ. ಬಾಯಿ ಹೇಳಿದ ಕ್ರಮದಲ್ಲೇ ಬೆರಳು ಓದುತ್ತದೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಸ್ವರ, ವ್ಯಂಜನ ಎಂದು ಬಿಡಿಸಿ ತೋರಿಸಿದ್ದನ್ನು ಮಣ್ಣಿನ ಮೇಲೆ ರಾಗಿಕಾಳು ಇಟ್ಟಂತೆ ಇಟ್ಟುಬಿಟ್ಟಿದ್ದಾರೆ ಎನ್ನಿಸಿತು.

ಇನ್ನೊಂದು ಸೋಜಿಗ. ಅಂಕಿ ಬರೆಯುವ ಮುನ್ನ ‘ಇನ್ನು ಮುಂದೆ ಅಂಕಿ’ ಎಂದು ಹೇಳುವ ಗುರುತೊಂದಿದೆ: 3, 4, 5, 6. ಅದೇ ಗುರುತು ‘ಣ’ ಅಕ್ಷರಕ್ಕೂ ಸಂದಿದೆ. ಗೊಂದಲವಾಗದೇ ಎಂದು ಕೇಳಿದೆ. “ಣಕಾರದಿಂದ ಶುರುವಾಗೋ ಪದ ಕನ್ನಡದಲ್ಲಿ ಯಾವುದಿದೆ ಹೇಳಿ ಸಾರ್” ಎಂದ. ಮೇಷ್ಟ್ರಿಗೆ ಶಿಷ್ಯ ಹಾಕಿದ ಪ್ರಶ್ನೆ! ಎಷ್ಟು ಹುಡುಕಿದರೂ ಹೊಳೆಯಲಿಲ್ಲ.

ಅದಕ್ಕಿಂತ ಹೆಚ್ಚಿನ ಸೋಜಿಗ, ಇದೇ ‘ಕ’ ಹಿಂದಿಯ ಬ್ರೈಲಿನಲ್ಲೂ ತಮಿಳಿನ ಬ್ರೈಲಿನಲ್ಲೂ 1 ಮತ್ತು 3. ಇಂಗ್ಲಿಷಿನ ‘ಕೆ’ ಕೂಡ ಅದೇ. ನಾನು ತಮಿಳುನಾಡಿಗೆ ಹೋದರೆ ಬಸ್ಸಿನ ಬೋರ್ಡು ಓದಲಾರದೆ ಮಿಕಿಮಿಕಿ ನೋಡುತ್ತೇನೆ. ಅವನು ತಮಿಳು ಬ್ರೈಲಿನ ಪುಟದ ಮೇಲೆ ಕೈಯಿಟ್ಟರೆ ಅರ್ಥವಾಗದಿದ್ದರೂ ಬಹುಮಟ್ಟಿಗೆ ಗಟ್ಟಿಯಾಗಿ ಓದಿಬಿಡಬಲ್ಲ.

ಹಾಗಾದರೆ ಎಲ್ಲ ಸುಖವೇ? ಇಲ್ಲ. ಬ್ರೈಲ್ ಪುಟವೊಂದರಲ್ಲಿ ಹಿಡಿಸುವುದು ಸುಮಾರು ಇಪ್ಪತ್ತೈದು ಸಾಲು, ಸಾಲಿಗೆ ನಲವತ್ತು ಮನೆ. ಕಾಗದ ದಪ್ಪ, ಒತ್ತಿಟ್ಟರೆ ಚುಕ್ಕಿ ಚಪ್ಪಟೆಯಾಗುತ್ತದೆ. ನಾವು ಬಸ್ಸಿನಲ್ಲಿ ಕಂಕುಳಲ್ಲಿಟ್ಟುಕೊಂಡು ಹೋಗುವ ಕಾದಂಬರಿ ಬ್ರೈಲಿನಲ್ಲಿ ಹಲವು ಸಂಪುಟ. ಹೀಗಾಗಿ ಶಾಲೆಯ ಪಠ್ಯಗಳಾಚೆ ಕನ್ನಡ ಬ್ರೈಲಿನಲ್ಲಿ ಹೆಚ್ಚು ಬರಲಿಲ್ಲ. ಎಂ.ಎ. ತರಗತಿಯ ವಿದ್ಯಾರ್ಥಿಗೆ ಬೇಕಾದ ಗ್ರಂಥಸಂಪಾದನೆ, ಛಂದಸ್ಸು, ಶಾಸನಗಳ ಮಾತಂತೂ ದೂರ. ಆ ಕೊರತೆಯನ್ನು ತುಂಬಲು ಬಂದದ್ದು ಮಾತಾಡುವ ಪುಸ್ತಕ. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿಯಂಥ ಸಂಸ್ಥೆಗಳು ಓದಿಸಿ, ಧ್ವನಿ ಹಿಡಿದು, ಹಂಚಿದವು. (ಇಂಥ ಸಂಸ್ಥೆಗಳಲ್ಲಿ ಹೆಚ್ಚಿನವು ಊರಿನ ದಕ್ಷಿಣ ದಿಕ್ಕಿನಲ್ಲಿ, ನಮ್ಮ ಯಲಹಂಕ, ಹೆಬ್ಬಾಳದವರಿಗೆ ಎರಡು ಬಸ್ಸಿನ ದಾರಿ.) ಮನುಷ್ಯನ ದನಿಗೆ ಸಾಟಿಯಿಲ್ಲ, ನಿಜ. ನಾನೂ ಪಂಪಭಾರತದ ಕೆಲವು ಆಶ್ವಾಸಗಳನ್ನು ಓದಿ ಅವನ ಮೊಬೈಲಿಗೆ ಹಾಕಿಕೊಟ್ಟೆ. ಆದರೆ ಕಿವಿಯಿಂದಷ್ಟೇ ಓದಿದವನಿಗೆ ಕಾಗುಣಿತ ಬರುವುದು ಹೇಗೆ? ಶಕಾರ ಷಕಾರಗಳ ಭೇದ ನಮ್ಮ ಬಾಯಿಂದ ಹೊರಟುಹೋಗಿ ಎಷ್ಟೋ ಕಾಲವಾಯಿತು. ಹಕಾರವನ್ನಂತೂ ಹಳೆಯ ಮೈಸೂರಿನ ನಮ್ಮಲ್ಲಿ ಅನೇಕರು ನುಂಗಿ ನೀರು ಕುಡಿದಿದ್ದೇವೆ. ಅವನ ಬೆರಳಿನಲ್ಲಿ ‘ಶ’ ಬೇರೆ, ‘ಷ’ ಬೇರೆ. ಬ್ರೈಲ್ ಹಳೆಯದಾಯಿತು, ಇನ್ನು ಮಾತಾಡುವ ಯಂತ್ರ ಸಾಕು ಎನ್ನುವವರ ಮಾತನ್ನು ಒಪ್ಪಲು ನನಗೆ ಈ ಕಾರಣದಿಂದಲೇ ಮನಸ್ಸಿಲ್ಲ.

ಈಗ ನನ್ನ ನಲವತ್ತು ಪುಟಗಳಿಗೆ ಬರೋಣ. 1990ರ ದಶಕದಲ್ಲಿ ಕನ್ನಡ ಕಂಪ್ಯೂಟರಿಗೆ ಬಂದಾಗ ಆ ಯಂತ್ರಕ್ಕೆ ಗೊತ್ತಿದ್ದದ್ದು ಯುರೋಪಿನ ಅಕ್ಷರಗಳು ಮಾತ್ರ. ಒಟ್ಟು 256 ಪೀಠಗಳು. ನಮ್ಮ ಜಾಣರು ಒಂದು ಉಪಾಯ ಮಾಡಿದರು. ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುಮಾಡಿ, ಆ ತುಂಡುಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಅಕ್ಷರಗಳ ಪೀಠದ ಮೇಲೆ ಕೂರಿಸಿದರು. ಯಂತ್ರ ತಾನು ‘ಪಿ’ ಬರೆಯುತ್ತಿದ್ದೇನೆಂದು ತಿಳಿದಿರುತ್ತದೆ. ಪರದೆಯ ಮೇಲೆ ಕಾಣುವುದು ತಲೆಕಟ್ಟಿಲ್ಲದ ಕಕಾರ. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆಲ್ಲ ಮೊದಲ ರೂಪದಲ್ಲಿ ನಡೆದದ್ದು ಹೀಗೆ. ಅವರನ್ನು ನಾನು ದೂರುವುದಿಲ್ಲ. ಅವರು ಅಂದು ಹಾಗೆ ಮಾಡದಿದ್ದರೆ ಕನ್ನಡದ ಪತ್ರಿಕೆ ಪುಸ್ತಕಗಳು ಕಂಪ್ಯೂಟರಿನ ಮುಖವನ್ನೇ ಕಾಣುತ್ತಿರಲಿಲ್ಲ. ಆದರೆ ಕಣ್ಣಿಗೆ ಕನ್ನಡವಾದದ್ದು ಯಂತ್ರಕ್ಕೆ ಕಸವಾಗಿಯೇ ಉಳಿಯಿತು. ಕಣ್ಣುಳ್ಳ ನಮಗಾರಿಗೂ ಅದು ತಿಳಿಯಲಿಲ್ಲ, ಏಕೆಂದರೆ ನಾವು ಯಂತ್ರವನ್ನು ‘ಓದು’ ಎಂದು ಕೇಳಿದವರೇ ಅಲ್ಲ.

ಸ್ವಾರಸ್ಯವೆಂದರೆ ಸರಿಯಾದ ದಾರಿ ಆಗಲೇ ತೆರೆದಿತ್ತು. 1991ರಲ್ಲಿ ಭಾರತದ ಮಾನಕವಾದ ಇಸ್ಕಿಯೂ ಅದೇ ವರ್ಷ ಮೊದಲ ಆವೃತ್ತಿ ಕಂಡ ಯೂನಿಕೋಡೂ ಅಕ್ಷರದ ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದವು. ನುಡಿದ ಕ್ರಮದಲ್ಲಿ ವ್ಯಂಜನ, ಸ್ವರ, ಸ್ವರವನ್ನು ಕಳೆಯುವ ಗುರುತು. ದೇವನಾಗರಿಯ ಪಟ್ಟಿಯಲ್ಲಿ ‘ಕ’ ಯಾವ ಮನೆಯಲ್ಲಿದೆಯೋ ಕನ್ನಡದ ಪಟ್ಟಿಯಲ್ಲೂ ಅದೇ ಮನೆ. 1951ರಲ್ಲಿ ಆರು ಚುಕ್ಕಿಗಳಿಗೆ ಮಾಡಿದ್ದನ್ನೇ ನಲವತ್ತು ವರ್ಷದ ನಂತರ ಕಂಪ್ಯೂಟರಿಗೆ ಮಾಡಿದಂತಾಯಿತು. ಈ ಪಟ್ಟಿ ಮಾಡಿದವರೂ ಎಡವದೆ ಇರಲಿಲ್ಲ: ಹಳಗನ್ನಡದ ‘ೞ’ಕ್ಕೆ ಯೂನಿಕೋಡಿನಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ‘ಕನ್ನಡ ಅಕ್ಷರ ಫ’ ಎಂದು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಅವರ ನಿಯಮದಿಂದ ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆಯೇ ಹೊರತು ಮೂಲ ಹೆಸರು ಹಾಗೇ ಇದೆ. ಪಂಪ ನೋಡಿದ್ದರೆ ಏನೆನ್ನುತ್ತಿದ್ದನೋ.

2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು ಬರೆಯತೊಡಗಿದ. ಅವನ ಜೊತೆಗೂಡಿದ ಜೇಮ್ಸ್ ತೇ ಕೂಡ ಅಂಧನೇ. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇ-ಸ್ಪೀಕ್ ಎಂಬ ಉಚ್ಚಾರಣ ಯಂತ್ರದ ಮೂಲಕ ಅದು ಕನ್ನಡವನ್ನೂ ಹೇಳುತ್ತದೆ. ದನಿ ಡಬ್ಬದೊಳಗಿಂದ ಬಂದಂತಿರುತ್ತದೆ. ಆದರೆ ಅವನು ಅದನ್ನು ಎಷ್ಟು ವೇಗಕ್ಕೆ ತಿರುಗಿಸಿ ಕೇಳುತ್ತಾನೆಂದರೆ ನನಗೆ ಜೇನುಗೂಡಿನ ಸದ್ದು ಕೇಳಿಸುತ್ತದೆ, ಅವನಿಗೆ ತರ್ಕ ಕೇಳಿಸುತ್ತದೆ.

ಯೂನಿಕೋಡಿನಲ್ಲಿ ಬೆರಳಚ್ಚಾದದ್ದಕ್ಕೆ ಇದು ಸಾಕು. ಅಚ್ಚಾದ ಹಳೆಯ ಪುಸ್ತಕಗಳಿಗೆ? ಪುಟದ ಚಿತ್ರವನ್ನು ನೋಡಿ ಅಕ್ಷರ ಗುರುತಿಸುವ ಯಂತ್ರ ಬೇಕು. ಅಮೆರಿಕದಲ್ಲಿ ರೇ ಕರ್ಜ್‌ವೈಲ್ ಅಂಧರ ರಾಷ್ಟ್ರೀಯ ಒಕ್ಕೂಟದ ಜೊತೆಗೂಡಿ 1976ರಲ್ಲೇ ಇಂಗ್ಲಿಷಿಗೆ ಅಂಥ ಯಂತ್ರವನ್ನು ಹೊರತಂದರು. ಕನ್ನಡಕ್ಕೆ ಆ ಕೆಲಸ ನಡೆದದ್ದು ನಮ್ಮ ಯಶವಂತಪುರದ ಪಕ್ಕದಲ್ಲೇ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿಯ ವಿದ್ಯುತ್ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರೊಫೆಸರ್ ಆಗಿದ್ದ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದ ಹೆಸರೇ ವೈದ್ಯಕೀಯ ಮತ್ತು ಭಾಷೆ ಎರಡನ್ನೂ ಜೋಡಿಸಿಕೊಂಡದ್ದು. ವೈದ್ಯಕೀಯ ಸಂಕೇತಗಳನ್ನು ಶೋಧಿಸುವ ವಿದ್ಯೆ, ಅಕ್ಷರ ಮತ್ತು ಮಾತನ್ನು ಶೋಧಿಸುವ ವಿದ್ಯೆ ಒಂದೇ ಸೂರಿನಡಿ. ಶಿವಕುಮಾರ್ ಎಚ್. ಆರ್. ಅವರೊಡನೆ ಅವರು ರೂಪಿಸಿದ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶ 1970ರಿಂದ 2002ರವರೆಗೆ ಅಚ್ಚಾದ ಮೂವತ್ತೈದಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ ಕಲಿತದ್ದು. ಅವುಗಳಲ್ಲಿ ಹಳಗನ್ನಡದ ಪುಸ್ತಕಗಳೂ ಇದ್ದವು. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ, ತುಳು, ಕೊಂಕಣಿಗಳ ಮೇಲೂ ಅದನ್ನು ಪರೀಕ್ಷಿಸಿದರು. ಗೂಗಲಿನವರ ಟೆಸರ್ಯಾಕ್ಟ್ ಎಂಬುದಕ್ಕಿಂತ ಕನ್ನಡದಲ್ಲಿ ಶೇಕಡ 4ರಷ್ಟು, ತುಳು ಸಂಸ್ಕೃತಗಳಲ್ಲಿ ಶೇಕಡ 8ರಷ್ಟು ಹೆಚ್ಚು ಪದಗಳನ್ನು ಅದು ಸರಿಯಾಗಿ ಓದಿತೆಂದು 2019ರಲ್ಲಿ ಅವರು ಪ್ರಕಟಿಸಿದ್ದಾರೆ. ಅದೇ ಪ್ರಯೋಗಾಲಯದ ತಮಿಳು ಯಂತ್ರವನ್ನು ಚೆನ್ನೈನ ವರ್ತ್ ಟ್ರಸ್ಟಿನವರು ಬ್ರೈಲ್ ಪುಸ್ತಕ ಮಾಡಲು ಬಳಸಿಕೊಂಡರು.

ಕನ್ನಡವನ್ನು ಯಂತ್ರ ಓದುವುದು ಸುಲಭವಲ್ಲ ಎಂಬುದಕ್ಕೆ ಒಂದೇ ನಿದರ್ಶನ ಸಾಕು. ‘ದ’ಕಾರದ ಕೆಳಗೆ ಒಂದು ಸಣ್ಣ ಸೀಳು ಬಿದ್ದರೆ ‘ಧ’. ಮೊಳೆ ಸವೆದ ಅಚ್ಚುಕೂಟದ ಪುಸ್ತಕದಲ್ಲಿ ಆ ಸೀಳು ಇದೆಯೋ, ಮಸಿಯೋ, ಗೆದ್ದಲೋ? ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ಆಕಾರದಲ್ಲಿ ಭೇದವೇ ಇಲ್ಲ. ನಾವು ಅರ್ಥ ಹಿಡಿದು ಓದುತ್ತೇವೆ. ಯಂತ್ರ ಗೆರೆ ಹಿಡಿದು ಓದಬೇಕು.

ಕಾನೂನಿನ ಕಡೆಯಿಂದಲೂ ಬಾಗಿಲು ತೆರೆದಿದೆ. 2012ರ ತಿದ್ದುಪಡಿಯ ಮೇಲೆ ಅಂಧರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. 2013ರ ಮರಾಕೇಶ್ ಒಪ್ಪಂದವನ್ನು ಎಲ್ಲ ದೇಶಗಳಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ್ದು ಭಾರತ. 2016ರ ಕಾಯಿದೆ ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ನಮ್ಮ ಸರಕಾರದ ಕಾಗದಗಳಲ್ಲಿ ಇವರಿಗೆ ‘ವಿಕಲಚೇತನರು’ ಎಂದು ಹೆಸರು. ಕನ್ನಡದ ಮೇಷ್ಟ್ರಾಗಿ ಈ ಪದದ ಬಗ್ಗೆ ನನ್ನದೊಂದು ತಕರಾರಿದೆ. ಕಣ್ಣಿಗೋ ಕಾಲಿಗೋ ಊನವಾದರೆ ಚೇತನಕ್ಕೇನಾಗಿದೆ ಧಾಡಿ? ‘ಕುರುಡ’ ಎಂಬುದು ಒರಟು ಎಂದು ಬಿಟ್ಟೆವು, ಸರಿ. ಬಿಟ್ಟು ಹಿಡಿದದ್ದು ಅದಕ್ಕಿಂತ ಹೆಚ್ಚಿನ ಅವಮರ್ಯಾದೆ. ಹುಡುಗನನ್ನೇ ಕೇಳಿದೆ. “ಹೆಸರು ಹಿಡಿದು ಕರೀರಿ ಸಾರ್” ಎಂದ.

ಪರೀಕ್ಷೆ ಬಂತು. ಅವನು ಹೇಳಿದ್ದನ್ನು ಬರೆಯಲು ಒಬ್ಬ ಲಿಪಿಕಾರ, ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚಿನ ಕಾಲ, ಇದು ನಿಯಮ. ಲಿಪಿಕಾರನಾಗಿ ಬಂದದ್ದು ವಾಣಿಜ್ಯ ಓದುವ ಒಬ್ಬ ಪಾಪದ ಹುಡುಗ. ಇವನು ಹಳಗನ್ನಡದ ಪದ್ಯ ಹೇಳಿದರೆ ಅವನು ‘ಱ’ ಬರೆಯುವುದು ಹೇಗೆಂದು ತಿಳಿಯದೆ ಪೆನ್ನು ಕಚ್ಚುತ್ತಿದ್ದನಂತೆ. ಬಾಯಲ್ಲಿ ಪದ್ಯವಿದ್ದೂ ಕಾಗದಕ್ಕೆ ಇಳಿಯದೆ ಅರ್ಧ ಗಂಟೆ ಹೋಯಿತು. ಅಂಕ ಕಡಮೆ ಬಂದವು. “ನಾನೇ ಓದಿ ನಾನೇ ಬರೆಯೋ ಹಾಗಿದ್ದಿದ್ರೆ...” ಎಂದವನು ವಾಕ್ಯ ಮುಗಿಸಲಿಲ್ಲ.

ಆ ರಜೆಯಲ್ಲಿ ನಾನು ಕುಳಿತು ನಲವತ್ತು ಪುಟಗಳನ್ನೂ ಯೂನಿಕೋಡಿಗೆ ಬದಲಿಸಿ, ಪರಿವರ್ತನೆಯಲ್ಲಿ ಮುರಿದ ಒತ್ತಕ್ಷರಗಳನ್ನು ಕೈಯಾರೆ ತಿದ್ದಿದೆ. ಕೆಲವು ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆದು, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಬಂದದ್ದನ್ನೂ ಅದರ ಜೊತೆ ಸೇರಿಸಿದೆ. ಎರಡನ್ನೂ ಅವನಿಗೆ ಕಳಿಸಿದೆ. ಒಂದು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು.

“ಸಾರ್, ಎಲ್ಲಾ ಓದಿದೆ. ಒಂದೇ ಒಂದು ಸಂದೇಹ. ಒಂದು ಕಡೆ ‘ಊರಿನ ಧನವನ್ನು ಹಳ್ಳದ ದಂಡೆಗೆ ಮೇಯಲು ಬಿಟ್ಟರು’ ಅಂತ ಇದೆ. ಬೆರಳಿಟ್ಟು ನೋಡಿದೆ, ಮಹಾಪ್ರಾಣಾನೇ. ಧನ ಮೇಯೋದಿಲ್ವಲ್ಲ ಸಾರ್?”

“ಅದು ಯಂತ್ರ ತಪ್ಪು ಓದಿರಬೇಕು ಕಣಪ್ಪ. ಹಳೇ ಅಚ್ಚು, ಮೊಳೆ ಸವೆದಿರುತ್ತೆ” ಎಂದೆ.

“ಇದು ಯಂತ್ರದ ಫೈಲಲ್ಲ ಸಾರ್. ನೀವು ಟೈಪ್ ಮಾಡಿದ್ದು.”

ಬಸ್ಸು ಬಂತು. ಆ ಕಡೆಯಿಂದ ‘ಟಿಕ್’ ಎಂದು ಮುಚ್ಚಳ ತೆರೆದ ಸದ್ದು ಕೇಳಿಸಿತು. “ಏಳೂಕಾಲಾಯ್ತು ಸಾರ್, ನೀವು ಹೊರಡಿ. ಉಳಿದ ತಪ್ಪುಗಳನ್ನ ನಾಳೆ ಹೇಳ್ತೀನಿ” ಎಂದ.